ಹೆಸರಿನ ಪಕ್ಕದ ಎಲ್

"ನಾವು ಇಲ್ಲಿ ಓಟು ಹಾಕಿದ್ರೆ ನಾಳೆ ಸಿಟಿಜನ್‌ಶಿಪ್ ಅರ್ಜಿಗೆ ಕಲ್ಲು ಬೀಳಲ್ವಾ?"

ಡಬ್ಲಿನ್‌ನಲ್ಲಿ ನಾಲ್ಕು ವರ್ಷದಿಂದ ನರ್ಸ್ ಆಗಿರುವ ಹೆಣ್ಣುಮಗಳು ಈ ವಾರ ಕೇಳಿದ್ದು. "ಇಲ್ಲಮ್ಮ, ಕಾನೂನೇ ಕೊಟ್ಟ ಓಟು ಅದು" ಅಂದರೂ ನಂಬಿಕೆ ಬರಲಿಲ್ಲ. ಪಕ್ಕದಲ್ಲಿದ್ದ ಗಂಡ, ಎಲ್ಲ ಬಲ್ಲವರ ಗತ್ತಿನಲ್ಲಿ, "ಸುಮ್ನೆ ಯಾಕೆ ರಿಸ್ಕು?" ಅಂದರು. ಇಂಥವರೇ ಬಸ್ಸು ತಡವಾದರೆ, ಫುಟ್‌ಪಾತ್ ಕಿತ್ತುಹೋದರೆ ಕೌನ್ಸಿಲನ್ನು ಬಾಯಿತುಂಬ ಬೈಯುವವರು.

ಐರ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಗೆ, ಅಂದರೆ ಆ ಕೌನ್ಸಿಲಿನ ಚುನಾವಣೆಗೆ, ಪೌರತ್ವ ಬೇಕಿಲ್ಲ. ಓಟಿನ ಹಕ್ಕು 1963ರಿಂದಲೇ ಇದೆ, ಸ್ಪರ್ಧಿಸುವ ಹಕ್ಕು 1974ರಿಂದ. ಸ್ವೀಡನ್ ಮೂರು ವರ್ಷದ ವಾಸ ಕೇಳುತ್ತದೆ, ನೆದರ್ಲೆಂಡ್ಸ್ ಐದು. ಇಲ್ಲಿ ಆ ಲೆಕ್ಕವೂ ಇಲ್ಲ. 18 ತುಂಬಿ, ಇಲ್ಲೇ ನೆಲೆಸಿರಬೇಕು, ಅಷ್ಟೇ. ಮತದಾರರ ಪಟ್ಟಿಯಲ್ಲಿ ನಮ್ಮಂಥವರ ಹೆಸರಿನ ಪಕ್ಕ 'ಎಲ್' ಅಂತ ಇರುತ್ತದೆ: ಲೋಕಲ್ ಮಾತ್ರ. ಯುರೋಪಿಯನ್ ಒಕ್ಕೂಟದವರಿಗೆ 'ಇ', ಬ್ರಿಟಿಷರಿಗೆ 'ಡಿ'.

ಹೆಸರು ತಾನಾಗಿ ಸೇರುವುದಿಲ್ಲ. ಮತದಾರರ ಪಟ್ಟಿಯ ಸರ್ಕಾರಿ ಜಾಲತಾಣದಲ್ಲಿ ಪಿಪಿಎಸ್ ನಂಬರು (ಸರ್ಕಾರಿ ಸೇವೆಗಳಿಗೆ ಕೊಡುವ ಗುರುತಿನ ಸಂಖ್ಯೆ), ಹುಟ್ಟಿದ ದಿನಾಂಕ, ಏರ್‌ಕೋಡ್ (ಮನೆಯ ಅಂಚೆ ಸಂಕೇತ) ಕೊಟ್ಟರೆ ಹತ್ತು ನಿಮಿಷದ ಕೆಲಸ. ಪಿಪಿಎಸ್ ಇಲ್ಲದವರು ಕಾಗದದ ಫಾರಂ ಹಿಡಿದು ಗಾರ್ಡಾ (ಪೊಲೀಸ್) ಠಾಣೆಗೆ ಹೋಗಬೇಕು. ವರ್ಷವಿಡೀ ಸೇರಬಹುದು, ಆದರೆ ಮತದಾನಕ್ಕೆ 15 ದಿನ ಇರುವಾಗ ಬಾಗಿಲು ಮುಚ್ಚುತ್ತದೆ. ಆ ಎಣಿಕೆಯಲ್ಲಿ ಭಾನುವಾರ, ಸರ್ಕಾರಿ ರಜೆ ಸೇರುವುದಿಲ್ಲ. ಹಾಗಾಗಿ ಮೂರು ವಾರ ಅಂದುಕೊಳ್ಳುವುದೇ ಕ್ಷೇಮ. ಎಡವುವುದು ಹೆಚ್ಚಾಗಿ ಇಲ್ಲೇ. ಇನ್ನು ಕೆಲವರು ಪೌರತ್ವ ಸಿಕ್ಕ ಮೇಲೂ ಪಟ್ಟಿಯಲ್ಲಿ ತಿದ್ದಿಸುವುದಿಲ್ಲ. ಸಂಸತ್ತಿನ ಚುನಾವಣೆಯ ದಿನ ಹೊಸ ಪಾಸ್‌ಪೋರ್ಟು ಹಿಡಿದು ಮತಗಟ್ಟೆಗೆ ಹೋದರೆ ಪಟ್ಟಿಯಲ್ಲಿ ಅದೇ ಹಳೇ 'ಎಲ್', ಬರಿಗೈಲಿ ವಾಪಸು.

ಮತಪತ್ರದ್ದೂ ಒಂದು ಮಾತು. ಗುಂಡಿ ಒತ್ತಿ ಬೀಪ್ ಕೇಳಿಸಿಕೊಂಡ ನಮಗೆ ಪೆನ್ಸಿಲ್ ಕೊಟ್ಟಾಗ ಗೊಂದಲ. ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯುತ್ತ ಹೋಗಬೇಕು. ಇಬ್ಬರ ಮುಂದೆ 1 ಬರೆದರೆ ಮತ ಕುಲಗೆಟ್ಟಿತು. ಬರೀ 1 ಬರೆದು ನಿಲ್ಲಿಸಬಹುದು. ಆದರೆ ಎಣಿಕೆಯ ಸುತ್ತಿನಲ್ಲಿ ಆ ಅಭ್ಯರ್ಥಿ ಹೊರಬಿದ್ದರೆ, 2 ಬರೆದವರಿಗೆ ಅದು ಹೋಗುವಂತೆ ನಿಮ್ಮ ಓಟಿಗೆ ಮುಂದೆ ದಾರಿಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ 'ಕಲ್ಲು ಬೀಳಲ್ವಾ' ಕಿವಿಯಲ್ಲೇ ಉಳಿದಿದೆ. ಅದು ಪೆದ್ದು ಪ್ರಶ್ನೆಯಲ್ಲ. ಅಮೆರಿಕದಲ್ಲಿ ಪೌರರಲ್ಲದವರು ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಓಟು ಹಾಕುವುದು 1996ರ ಕಾನೂನಿನಂತೆ ಅಪರಾಧ; ಗಡೀಪಾರೂ ಆಗಬಹುದು. ಸ್ಯಾನ್ ಫ್ರಾನ್ಸಿಸ್ಕೊ 2016ರಲ್ಲಿ ಶಾಲಾ ಮಂಡಳಿಗೆ ಮಾತ್ರ ಅಂತ ಪೌರರಲ್ಲದ ಪೋಷಕರಿಗೆ ಓಟು ಕೊಟ್ಟಿತು. ಜೊತೆಗೇ ಎಚ್ಚರಿಕೆಯನ್ನೂ ಕೊಡಬೇಕಾಯಿತು: ನೀವು ಬರೆದುಕೊಟ್ಟ ವಿವರ ವಲಸೆ ಇಲಾಖೆಯ ಕೈಸೇರಬಹುದು. ಅದನ್ನು ಓದಿ ಯಾರು ತಾನೇ ಸಹಿ ಹಾಕುತ್ತಾರೆ? ಪೌರರಲ್ಲದವರಿಗೆ ಓಟು ಕೊಡಲು ನ್ಯೂಯಾರ್ಕ್ ನಗರ ಮಾಡಿದ ಕಾನೂನನ್ನಂತೂ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚಿನಲ್ಲಿ ತಳ್ಳಿಹಾಕಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 1990ರಲ್ಲೇ ಅಂದಿತ್ತು, ಓಟು ಹಾಕುವ 'ಜನ' ಅಂದರೆ ಜರ್ಮನ್ ಜನ ಅಂತ. ಭಯ ಗಡಿ ದಾಟಿ ಬರುತ್ತದೆ; ಹಕ್ಕು ಬರುವುದಿಲ್ಲ, ಪ್ರತಿ ದೇಶದ ಕಾನೂನನ್ನೂ ಬಿಡಿಸಿ ನೋಡಬೇಕು. ಭಾರತದ್ದೇ ನೋಡಿ: ನಾಳೆ ಈಕೆ ಐರಿಶ್ ಪೌರಳಾಗಿ ಓಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡು) ಹಿಡಿದು ಹುಟ್ಟಿದೂರಿಗೆ ಹೋಗಿ ನೆಲೆಸಿದರೂ ಗ್ರಾಮ ಪಂಚಾಯಿತಿಗೂ ಓಟು ಹಾಕುವಂತಿಲ್ಲ. ಇಲ್ಲಿ ಓಟು ಹಾಕಿದ್ದಕ್ಕೆ ಮಾತ್ರ ಭಾರತದ ಪೌರತ್ವ ಹೋಗುವುದಿಲ್ಲ. ಅದು ಹೋಗುವುದು ಬೇರೆ ದೇಶದ ಪೌರತ್ವ ಪಡೆದಾಗ.

ಮುಂದಿನ ಸ್ಥಳೀಯ ಚುನಾವಣೆ 2029ಕ್ಕೆ. ಕೊನೆಗೆ ಫೋನು ತೆಗೆದವರು ಗಂಡನೇ. "ಮುಂದಿನ ತಿಂಗಳು ಮನೆ ಬದಲಾಯಿಸ್ತಿದೀವಿ. ಅರ್ಜಿ ಈಗ ಹಾಕ್ಲಾ, ಆಮೇಲಾ?"

"ಈಗಲೇ ಹಾಕಿ. ಮನೆ ಬದಲಾದ ಮೇಲೆ ಅದೇ ಜಾಲತಾಣದಲ್ಲಿ ಏರ್‌ಕೋಡ್ ಬದಲಿಸಿ."