ಹದಿನೆಂಟು ತುಂಬಿದ ಮೇಲೆ

2025 ಜೂನ್ 12, ಗುರುವಾರ, ಸಾಗರ

ಮಳೆ ಬಿಟ್ಟಿಲ್ಲ. ಸಂಜೆ ಹೋದ ಕರೆಂಟು ಈಗ ಬಂತು.

ಬುದ್ಧಿಮಾಂದ್ಯತೆ ಇರುವ ಹುಡುಗನೊಬ್ಬನ ಅಪ್ಪ ಬಂದಿದ್ದರು, ಮಂಡಿಯಲ್ಲಿ ಮೂಟೆ ಹೊರುವವರು. ಕೊಡೆ ಬಾಗಿಲ ಹೊರಗೇ ಇಟ್ಟು, ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು, ಅದರೊಳಗಿಂದ ಪಾಸ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕೋರೆ, ಬ್ಯಾಂಕಲ್ಲಿ ದುಡ್ಡು ಕೊಡ್ಲಿಲ್ಲ. ಹುಡುಗಂಗೆ ಹದಿನೆಂಟು ಆಯ್ತಂತೆ. ಇನ್ಮೇಲೆ ಅವ್ನೇ ಬಂದು ಸೈನ್ ಹಾಕ್ಬೇಕಂತೆ. ಇಲ್ಲಾಂದ್ರೆ ಕೋರ್ಟಿಂದ ಗಾರ್ಡಿಯನ್ ಅಂತ ಕಾಗ್ದ ತರ್ಬೇಕಂತೆ."

"ಹದಿನೆಂಟು ಯಾವಾಗ ಆಯ್ತು?"

"ಹೋದ ತಿಂಗ್ಳು. ಪಾಯ್ಸ ಕಳ್ಸಿದ್ನಲ್ಲ ನಿಮ್ಗೆ."

ಹೌದು, ಕಳಿಸಿದ್ದರು. ತಿಂದು ಡಬ್ಬಿ ತೊಳೆದು ವಾಪಸ್ಸು ಕೊಟ್ಟಿದ್ದೂ ಆಯಿತು. ಪಾಸ್‌ಬುಕ್ಕಿನ ನೆನಪು ಯಾರಿಗೂ ಬರಲಿಲ್ಲ.

ಹದಿನೆಂಟು ತುಂಬಿದಾಗ ಕಳಚುವುದು ಪಾಸ್‌ಬುಕ್ಕು ಒಂದೇ ಅಲ್ಲ. ಅಪ್ರಾಪ್ತನ ಖಾತೆ ನಡೆಸುತ್ತಿದ್ದ ಅಪ್ಪನ ಸಹಿ ನಿಲ್ಲುತ್ತದೆ. ಮಗನ ಸಹಿಯ ಮಾದರಿ, ಕೆವೈಸಿ ಎಲ್ಲ ಹೊಸದಾಗಿ ಆಗಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 31ನೇ ಸೆಕ್ಷನ್ನು ಉಚಿತ ಶಿಕ್ಷಣ ಕೊಡುವುದು 6ರಿಂದ 18ರವರೆಗೆ. ಆಮೇಲೆ ಶಾಲೆಯ ವ್ಯಾನು ಬರುವುದಿಲ್ಲ, ಹುಡುಗ ಅಭ್ಯಾಸಬಲದಿಂದ ಎಂಟೂವರೆಗೆ ಗೇಟಿನ ಹತ್ತಿರ ನಿಂತಿರುತ್ತಾನೆ. ಬುದ್ಧಿಮಾಂದ್ಯತೆಯ ಸರ್ಟಿಫಿಕೇಟು ಅಲ್ಲಿಯತನಕ ತಾತ್ಕಾಲಿಕ. 5, 10, 18ರಲ್ಲಿ ಮರುಪರೀಕ್ಷೆ ಆಗಬೇಕು, 18ರಲ್ಲಿ ಕೊಟ್ಟಿದ್ದು ಮಾತ್ರ ಜೀವನಪೂರ್ತಿಗೆ. ತಾತ್ಕಾಲಿಕದ್ದರ ಅವಧಿ ಮುಗಿದರೆ ಅದನ್ನೇ ನಂಬಿಕೊಂಡ ಪಿಂಚಣಿ, ಬಸ್ ಪಾಸು ಒಂದರ ಹಿಂದೆ ಒಂದು ತೊಡಕಾಗುತ್ತವೆ. ಹದಿನೇಳೂವರೆಗೇ ಈ ಎಲ್ಲ ಕಾಗದ ಹೊರತೆಗೆದು ಕೂರಬೇಕು ಅಂತ ನಮ್ಮ ವಿಆರ್‌ಡಬ್ಲ್ಯುಗಳಿಗೆ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಹೇಳಿದ್ದೇವೆ. ಆದರೆ ಒಬ್ಬೊಬ್ಬರ ತಲೆಯ ಮೇಲೆ ಒಂದಿಡೀ ಪಂಚಾಯಿತಿ ಇದೆ.

ಬ್ಯಾಂಕಿನವರು ಹೇಳಿದ ಕೋರ್ಟು ಬೇಕಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇರುವುದೇ ಇಂಥವರಿಗೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ. ಈ ನಾಲ್ಕಕ್ಕೆ ಗಾರ್ಡಿಯನ್ ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಡಿಸಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಅದರಲ್ಲಿ ಇರುತ್ತಾರೆ. ಆ ಸಮಿತಿ ಕೊಟ್ಟ ಪತ್ರವನ್ನು ಬ್ಯಾಂಕುಗಳು ಒಪ್ಪಬಹುದು ಅಂತ ರಿಸರ್ವ್ ಬ್ಯಾಂಕು 2007ರಲ್ಲೇ ಸುತ್ತೋಲೆ ಕಳಿಸಿದೆ. ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತಿರುವುದಿಲ್ಲ. ಜಗಳ ಆಡುವ ಬದಲು ಸುತ್ತೋಲೆಯ ಪ್ರಿಂಟು ಮುಂದಿಟ್ಟು, ಸ್ವೀಕೃತಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಇದನ್ನೆಲ್ಲ ಹೇಳಿ ಮುಗಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಪ್ಪಂಗೇ ಅಪ್ಪ ಅಂತ ಡಿಸಿ ಬರ್ಕೊಡ್ಬೇಕಾ?"

ನಗು ಬಂತು, ನಗಲಿಲ್ಲ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಹದಿನೆಂಟರ ಮೇಲೆ ಹೆತ್ತವರೂ ಅರ್ಜಿ ಹಾಕಲೇಬೇಕು, ತಾನಾಗಿ ಮುಂದುವರಿಯುವುದಿಲ್ಲ.

ಆ ಅರ್ಜಿಯ ನಮೂನೆ, ಫಾರಂ ಎ, ಕೈಗೆ ಬಂದಾಗ ಎಲ್ಲರೂ ಮಾಡುವ ಒಂದು ತಪ್ಪಿದೆ. ಯಾವುದಕ್ಕೆ ಗಾರ್ಡಿಯನ್ ಬೇಕು ಅಂದರೆ "ಎಲ್ಲದಕ್ಕೂ" ಅಂತ ಬರೆದುಬಿಡುತ್ತಾರೆ. ಬರೆಯುವವರು ಸೈಬರ್ ಸೆಂಟರಿನವರು, ಅವರಿಗೆ ಅದು ಸುಲಭ. ಆದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಸಮಿತಿ ನೋಡಬೇಕಾದ್ದು ಎರಡು ವಿಷಯ. ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ, ಬೇಕಾದರೆ ಯಾವ ಕೆಲಸಕ್ಕೆ. "ಎಲ್ಲದಕ್ಕೂ" ಅಂದರೆ ಹುಡುಗ ತಾನೇ ನಿರ್ಧರಿಸಬಹುದಾದ್ದನ್ನೂ ನಾವೇ ಕಿತ್ತುಕೊಂಡ ಹಾಗೆ. "ಪಿಂಚಣಿ ಖಾತೆ ನಡೆಸಲು", "ಅಜ್ಜನ ಜಮೀನಿನ ಪಾಲಿನ ವ್ಯವಹಾರಕ್ಕೆ" ಅಂತ ಬಿಡಿಸಿ ಬರೆಯಬೇಕು.

ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಮಗನ ಆಸ್ತಿ, ಸಾಲ, ಬರಬೇಕಾದ್ದು ಎಲ್ಲದರ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಮಾರ್ಚಿಗೆ ವರ್ಷ ಮುಗಿದರೆ ಜೂನ್ ಕೊನೆಯ ಗಡುವು, ಅಂದರೆ ಈಗ. ಒಂದು ಇನ್ನೂರು ಪುಟದ ನೋಟ್‌ಬುಕ್ಕು ಸಾಕು. ಎಡಪುಟದಲ್ಲಿ ಬಂದಿದ್ದು, ಬಲಪುಟದಲ್ಲಿ ಖರ್ಚು, ರಸೀದಿ ಅಲ್ಲೇ ಅಂಟಿಸುವುದು. ಅಣ್ಣತಮ್ಮಂದಿರ ಪೈಕಿ ಯಾರಾದರೂ ಮುಂದೆ ಕ್ಯಾತೆ ತೆಗೆದರೆ ಅಪ್ಪನನ್ನು ಕಾಯುವುದು ಆ ನೋಟ್‌ಬುಕ್ಕೇ. ಅರ್ಜಿ ವಾಪಸ್ಸು ಬರುವುದು ಹೆಚ್ಚಾಗಿ ಹೆಸರಿನಿಂದ. ಆಧಾರಿನಲ್ಲಿ ಅಪ್ಪನ ಹೆಸರಿಗೆ "ಪ್ಪ" ಇದೆ, ಟಿಸಿಯಲ್ಲಿ ಇಲ್ಲ, ಅಂಗವಿಕಲರ ಗುರುತಿನ ಚೀಟಿ ಯುಡಿಐಡಿಯಲ್ಲಿ ಇನಿಷಿಯಲ್ಲು ಹಿಂದೆಮುಂದೆ. ಅದನ್ನು ಮೊದಲು ಸರಿ ಮಾಡಬೇಕು. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾಯ್ದೆಯಲ್ಲಿದೆ. ಒಂದು ಸಭೆ ತಪ್ಪಿದರೆ ಇನ್ನೊಂದು ಮೂರು ತಿಂಗಳು.

ಆದರೆ ಈ ಹುಡುಗನಿಗೆ ಗಾರ್ಡಿಯನ್ ಬೇಕೇ? ಜಮೀನಿಲ್ಲ, ಫ್ಯಾಮಿಲಿ ಪೆನ್ಷನ್ ಬರುವ ನೌಕರಿ ಅಪ್ಪನಿಗಿಲ್ಲ. ಇರುವುದು ಒಂದು ಖಾತೆ. ಓದುಬರಹ ಬಾರದವರಿಗೆ ಬ್ಯಾಂಕು ಹೆಬ್ಬೆಟ್ಟಿನ ಖಾತೆ ಕೊಡುವುದಿಲ್ಲವೇ? ಹಣಕಾಸಿನ ವಿಷಯದಲ್ಲಿ ಉಳಿದವರಷ್ಟೇ ಹಕ್ಕು ಇವರಿಗೂ ಇದೆ ಅಂತ 2016ರ ಕಾಯ್ದೆಯ 13ನೇ ಸೆಕ್ಷನ್ನು ಹೇಳುತ್ತದೆ. ಮ್ಯಾನೇಜರ್ "ಇದು ಯಾರ ದುಡ್ಡು?" ಅಂತ ಕೇಳಿದಾಗ ಹುಡುಗ "ನಂದು" ಅನ್ನಬೇಕು, ಎಷ್ಟು ನೋಟು ಬಂತು ಅಂತ ಎಣಿಸದಿದ್ದರೂ ತಾನೇ ಕೈಚಾಚಿ ತಗೊಳ್ಳಬೇಕು. ಮೊದಲು ಇದನ್ನು ಪ್ರಯತ್ನಿಸೋಣ, ಆಗದಿದ್ದರೆ ಡಿಸಿ ಆಫೀಸು ಎಲ್ಲಿಗೂ ಹೋಗುವುದಿಲ್ಲ.

ಅಪ್ಪನಿಗೆ ಇದು ಪೂರ್ತಿ ಹಿಡಿಸಲಿಲ್ಲ. "ಕಾಗ್ದ ಇದ್ರೆ ಗಟ್ಟಿ ಅಲ್ವಾ" ಅಂದರು. ಅವರದ್ದೂ ಸರಿ.

ಹಾಲು ತರುವ ಪಾಠ ಹೇಗೆ ನಡೀತಿದೆ ಅಂತ ಕೇಳಿದೆ. ಮುಖ ಅರಳಿತು.

ಒಂಬತ್ತು ಹೆಜ್ಜೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೆವು. ಚೀಲ ತಗೊಳ್ಳುವುದು, ದುಡ್ಡಿನ ಪರ್ಸು ಕುತ್ತಿಗೆಗೆ, ಚಪ್ಪಲಿ, ಗೇಟು, ರಸ್ತೆಯಂಚು, ಅಂಗಡಿ, ದುಡ್ಡು ಕೊಡುವುದು, ಹಾಲು ಚೀಲಕ್ಕೆ ಹಾಕುವುದು, ವಾಪಸ್ಸು ಬಂದು ಅಮ್ಮನ ಕೈಗೆ. ಕಲಿಸಿದ್ದು ಕೊನೆಯಿಂದ. ಮೊದಲ ಎಂಟನ್ನು ಅಮ್ಮ ಜೊತೆಗಿದ್ದು ಮಾಡಿಸುವುದು, ಒಂಬತ್ತನೆಯದು ಮಾತ್ರ ಅವನದ್ದು. ಕೆಲಸ ಮುಗಿಸಿದ ಖುಷಿ ಮೊದಲ ದಿನವೇ ಸಿಗಲಿ ಅಂತ ಹಾಗೆ. ಒಂದು ಹೆಜ್ಜೆಯನ್ನು ಸತತ ಐದು ದಿನ ಹೇಳಿಸಿಕೊಳ್ಳದೆ ಮಾಡಿದರೆ ಅದರ ಹಿಂದಿನ ಹೆಜ್ಜೆಯನ್ನೂ ಬಿಟ್ಟುಕೊಡಬೇಕು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು: ತಾನೇ ಮಾಡಿದರೆ "ಸ್ವ", ಬಾಯಲ್ಲಿ ಹೇಳಿದರೆ "ಮಾ", ಕೈ ಹಿಡಿದು ಮಾಡಿಸಿದರೆ "ಕೈ".

ಎಡವಿದ್ದು ದುಡ್ಡಿನ ಹೆಜ್ಜೆಯಲ್ಲಿ, ಅದೂ ಹುಡುಗನಿಂದಲ್ಲ. ಅಂಗಡಿಯವರು ಒಳ್ಳೆಯವರು, ಅದೇ ತೊಂದರೆ. ಇವನನ್ನು ಕಂಡೊಡನೆ ಪ್ಯಾಕೆಟ್ಟು ಚೀಲಕ್ಕೆ ಹಾಕಿ "ದುಡ್ಡು ಅಪ್ಪನ ಹತ್ರ ತಗೋತೀನಿ, ಹೋಗು ಮರಿ" ಅನ್ನುತ್ತಿದ್ದರು. ಹೋಗಿ ಕೇಳಿಕೊಂಡಿದ್ದು ಮೂರೇ: ಅವನು ಪರ್ಸು ತೆರೆಯುವತನಕ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ, ದುಡ್ಡು ಕೈಗೆ ಬಾರದೆ ಹಾಲು ಕೊಡಬೇಡಿ, ಚಿಲ್ಲರೆ ಗಾಜಿನ ಮೇಲಿಡದೆ ಅಂಗೈಗೆ ಕೊಡಿ.

ನೋಟುಗಳದ್ದು ಬೇರೆ ಕತೆ. ಬಣ್ಣ ನೋಡಿ ಕಲಿಸಿದರೆ ಇಪ್ಪತ್ತು ಅಂದರೆ ಹಸಿರುಹಳದಿ. ಒಂದು ದಿನ ಹಳೇ ಕೆಂಬಣ್ಣದ ಇಪ್ಪತ್ತು ಬಂತು, ಹುಡುಗ ಅದನ್ನು ದುಡ್ಡೇ ಅಲ್ಲ ಅಂತ ವಾಪಸ್ಸು ಕೊಟ್ಟ! ಹತ್ತಕ್ಕೆ ನೋಟೂ ಉಂಟು, ನಾಣ್ಯವೂ ಉಂಟು. ಆದ್ದರಿಂದ ಮೊದಮೊದಲು ಸರಿಯಾದ ಮೊತ್ತವನ್ನೇ ಪರ್ಸಿಗೆ ಹಾಕಿಡುವುದು, ಒಂದು ನೋಟಿನ ಹೊಸದು ಹಳೆಯದು ಎರಡನ್ನೂ ಪಕ್ಕಪಕ್ಕ ರಟ್ಟಿಗೆ ಅಂಟಿಸಿ ತೋರಿಸುವುದು. ಚಿಲ್ಲರೆ ಲೆಕ್ಕ ಆಮೇಲೆ, ಬಾರದಿದ್ದರೂ ಲೋಕ ಮುಳುಗುವುದಿಲ್ಲ.

ಸರ್ಟಿಫಿಕೇಟಿನ ಮರುಪರೀಕ್ಷೆ ಇನ್ನೂ ಬಾಕಿ ಇದೆಯಲ್ಲ, ಅದಕ್ಕೂ ಈ ಕ್ಯಾಲೆಂಡರು ಒಯ್ಯಲು ಹೇಳಿದೆ. ಅಲ್ಲಿ ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡುತ್ತಾನೆ ಅಂತ ಅಳೆಯುವ ವಿಎಸ್‌ಎಂಎಸ್‌ನ 89 ಅಂಶಗಳ ಪಟ್ಟಿ ಹಿಡಿದು ಪ್ರಶ್ನೆ ಕೇಳುವುದು ಹುಡುಗನನ್ನಲ್ಲ, ಅಮ್ಮನನ್ನು. ಡಾಕ್ಟರ ಮುಂದೆ ಮಗನ ಮಾನ ಕಾಯಬೇಕು ಅಂತ "ಸ್ನಾನ ಮಾಡ್ತಾನೆ, ಊಟ ಮಾಡ್ತಾನೆ, ಎಲ್ಲಾ ಮಾಡ್ತಾನೆ" ಅಂದುಬಿಡುತ್ತಾರೆ. ನೀರು ಹದ ಮಾಡಿಟ್ಟು, ಸೋಪು ಕೈಗೆ ಕೊಟ್ಟು, ಬೆನ್ನು ತಾನೇ ಉಜ್ಜಿದ್ದು ಅಮ್ಮನ ಲೆಕ್ಕದಲ್ಲಿ ಸಹಾಯವೇ ಅಲ್ಲ. ಅಂಕ ಏರುತ್ತದೆ, ವೈಕಲ್ಯದ ಶೇಕಡಾವಾರು ಇಳಿಯುತ್ತದೆ, ಪಿಂಚಣಿಯ ದರ್ಜೆ ಬದಲಾಗುತ್ತದೆ. "ಏನೂ ಬರಲ್ಲ" ಅನ್ನುವುದೂ ಸುಳ್ಳೇ. "ಹೇಳದೆ ಮಾಡ್ತಾನಾ, ಹೇಳಿದ್ರೆ ಮಾಡ್ತಾನಾ, ಜೊತೆಗೆ ನಿಂತ್ರೆ ಮಾಡ್ತಾನಾ" ಅಂತ ಪ್ರತಿಯೊಂದಕ್ಕೂ ಮನೆಯಲ್ಲೇ ಬರೆದುಕೊಂಡು ಹೋಗಬೇಕು.

ಪಾಸ್‌ಬುಕ್ಕನ್ನು ಮತ್ತೆ ಕವರಿನೊಳಗೆ ಸುತ್ತಿ ಎದ್ದರು. ಸೋಮವಾರ ಹನ್ನೊಂದಕ್ಕೆ, ರಶ್ಶು ಇಳಿದ ಮೇಲೆ, ಹುಡುಗನನ್ನೂ ಕರಕೊಂಡು ಬ್ಯಾಂಕಿಗೆ. ಬಾಗಿಲ ಹತ್ತಿರ ಕೊಡೆ ಬಿಡಿಸುತ್ತ ತಿರುಗಿದರು.

"ಮೊನ್ನೆಯಿಂದ ಹಾಲಿಗೆ ಹೋಗ್ತಿಲ್ಲ ಅಕ್ಕೋರೆ. ಕೊಡೆ ಹಿಡ್ಕಂಡ್ರೆ ಚೀಲ ಬಿಡ್ತಾನೆ, ಚೀಲ ಹಿಡ್ಕಂಡ್ರೆ ಕೊಡೆ ಬಿಡ್ತಾನೆ."

ಒಂಬತ್ತು ಹೆಜ್ಜೆ ಬರೆದಿದ್ದು ಮಾರ್ಚಿನಲ್ಲಿ, ಬಿಸಿಲಿನಲ್ಲಿ. ರೇನ್‌ಕೋಟು ಕೊಡಿಸಬಹುದು, ಆದರೆ ಕುತ್ತಿಗೆಯ ಪರ್ಸು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಪರ್ಸನ್ನು ಹೊರಗಿನ ಜೇಬಿಗೆ ಹಾಕಿದರೆ ಗುಂಡಿ ಬಿಚ್ಚಬೇಕು, ಗುಂಡಿ ಬಿಚ್ಚುವುದು ಅವನಿಗೆ ಇನ್ನೂ "ಮಾ". ವೆಲ್ಕ್ರೋ ಹೊಲಿಸಿದರೆ? ಟೈಲರ್ ಅಕ್ಕನನ್ನು ನಾಳೆ ಕೇಳಿ ನೋಡಬೇಕು.