ಬಾರಿಸಿದವರಿಗೆ ಊಟಕ್ಕೇನು?

ನಾನು ಯಾವ ಊರಿಗೆ ಹೋದರೂ ಅವ್ವನ ಮೊದಲ ಪ್ರಶ್ನೆ ಒಂದೇ. "ಅಲ್ಲಿ ತಿನ್ಲಿಕ್ಕ ಏನ್ ಸಿಗ್ತದ?" ಕಳೆದ ತಿಂಗಳು ಸಮ್ಮೇಳನಕ್ಕೆ ಅಂತ ನ್ಯೂ ಆರ್ಲಿಯನ್ಸ್‌ಗೆ ಹೋದಾಗ ಇದಕ್ಕೆ ಉತ್ತರ ಕೊಡುವುದೇ ಕಷ್ಟವಾಯಿತು. ಅಮೆರಿಕದಲ್ಲಿ ಊಟಕ್ಕೇ ಹೆಸರಾದ ಊರು ಅದು. ಮಾಂಸ ತಿನ್ನದವರ ಪಾಡು ಮಾತ್ರ ಬೇರೆ. ಗಂಬೋ ಅಂತ ಒಂದು ಗಟ್ಟಿ ಸಾರು ಮಾಡುತ್ತಾರೆ, ಬೆಂಡೆಕಾಯಿ ಹಾಕ್ತಾರೆ ಅಂತ ಕೇಳಿ ಖುಷಿಪಟ್ಟೆ. ಬೆಂಡೆಕಾಯಿ ಜೊತೆ ಸಿಗಡಿ, ಏಡಿ, ಸಾಸೇಜ್ ಕೂಡ ಇರುತ್ತೆ ಅಂತ ವೇಟರ್ ನಗುತ್ತಾ ಹೇಳಿದ. ಸೊಪ್ಪಿನ ಗಂಬೋ ಕೇಳಿದೆ. ಅದರಲ್ಲೂ ಮಾಂಸ. ಕೆಂಪು ಬೀನ್ಸ್ ಕೇಳಿದೆ. ಅದರಲ್ಲಿ ಹಂದಿ.

ಕೊನೆಗೆ ಕೈ ಹಿಡಿದದ್ದು ಬೆನ್ಯೇ. ಚೌಕಾಕಾರದ ಹಿಟ್ಟಿನ ತುಂಡನ್ನು ಎಣ್ಣೆಯಲ್ಲಿ ಉಬ್ಬಿಸಿ, ಮೇಲೆ ಪುಡಿ ಸಕ್ಕರೆ ಗುಡ್ಡೆ ಹಾಕಿ ಕೊಡ್ತಾರೆ. ನದಿ ದಂಡೆಯ ಹತ್ತಿರದ ಕೆಫೆ ಡು ಮಾಂಡ್‌ನಲ್ಲಿ 1862ರಿಂದ ಇದೇ ಕೆಲಸ. ತಿನ್ನುವಾಗ ಉಸಿರು ಬಿಟ್ಟರೆ ಸಕ್ಕರೆಯೆಲ್ಲ ಎದುರಿಗೆ ಕೂತವರ ಅಂಗಿ ಮೇಲೆ. ಜೊತೆಗೆ ಚಿಕೋರಿ ಬೆರೆಸಿದ ಕಾಫಿ. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಕಾಫಿ ಬೀಜ ಸಿಗದೆ ಜನ ಚಿಕೋರಿ ಬೆರೆಸಿ ಕುಡಿದರು, ಯುದ್ಧ ಮುಗಿದರೂ ಆ ರುಚಿ ಬಿಡಲಿಲ್ಲ. ನನ್ನ ಮೈಸೂರಿನ ಸಹೋದ್ಯೋಗಿ ಅದನ್ನು ಕುಡಿದು ಊರಿಗೇ ಹೋಗಿ ಬಂದಷ್ಟು ಖುಷಿಪಟ್ಟ. ಚಹಾ ಕುಡಿದು ಬೆಳೆದ ಕಲಬುರಗಿಯವಳಿಗೆ ಅದರಲ್ಲೇನಿದೆ? ಟಬಾಸ್ಕೋ ಸಾಸ್ ಕೂಡ ಇದೇ ಲೂಸಿಯಾನಾ ರಾಜ್ಯದ್ದು. "ಹುಷಾರು, ಖಾರ" ಅಂದ ವೇಟರ್. ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ನಿಂತು ಸುಸಲಾ ಜೊತೆ ಮಿರ್ಚಿ ಕಡಿದವಳಿಗೆ ಹೇಳುವ ಮಾತಾ ಇದು!

ಸಮ್ಮೇಳನದ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಅಂತರ್ಜಲದ ಮೇಲೆ ಭಾಷಣಗಳು, ಎಸಿ ಚಳಿ, ಕುತ್ತಿಗೆಗೆ ನೇತಾಡುವ ಬ್ಯಾಡ್ಜ್. ಸಂಜೆಯಾದರೆ ಸಾಕು, ಎಲ್ಲರೂ ಹಾಡು ಹುಡುಕಿಕೊಂಡು ಹೊರಡುತ್ತಿದ್ದರು. ಪ್ರಿಸರ್ವೇಶನ್ ಹಾಲ್ ಅಂತ ಒಂದು ಹಳೇ ಕೋಣೆ ಇದೆ. 1961ರಲ್ಲಿ ಶುರುವಾದದ್ದು. ಗೋಡೆ ಬಣ್ಣ ಕಂಡು ಎಷ್ಟು ಕಾಲವಾಯಿತೋ. ನಾಲ್ಕಾರು ಬೆಂಚು, ಉಳಿದವರು ನೆಲದ ಮೇಲೆ ಕೂರಬೇಕು, ಇಲ್ಲ ನಿಲ್ಲಬೇಕು. ಕುಡಿಯಲು ತಿನ್ನಲು ಏನೂ ಕೊಡುವುದಿಲ್ಲ. ಬರೀ ಜಾಝ್. ಕರಿಯರು ಬಿಳಿಯರು ಒಟ್ಟಿಗೆ ಕೂರಬಾರದು ಅನ್ನೋ ಕಾನೂನು ಇದ್ದ ಕಾಲದಲ್ಲೇ ಇಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೇಳುತ್ತಿದ್ದರು.

ಆದರೆ ನನ್ನನ್ನು ಕಾಡಿದ್ದು ಅಲ್ಲಿ ಕೇಳಿದ ಹಾಡಲ್ಲ. ಭಾನುವಾರ ಟ್ರೆಮೇ ಬಡಾವಣೆಯಲ್ಲಿ ಕಂಡದ್ದು. ಟ್ರೆಮೇ ಕರಿಯರ ಬಹಳ ಹಳೆಯ ಕೇರಿ. ಅಲ್ಲಿ 'ಸೆಕೆಂಡ್ ಲೈನ್' ಅಂತ ಮೆರವಣಿಗೆ ಹೊರಡುತ್ತದೆ. ಮುಂದೆ ಬ್ಯಾಂಡಿನವರು, ಅವರ ಹಿಂದೆ ಕೊಡೆ, ಕರವಸ್ತ್ರ ಬೀಸುತ್ತಾ ಕುಣಿಯುವ ಜನ. ಯಾರು ಬೇಕಾದರೂ ಸೇರಬಹುದು. ಬ್ಯಾಂಡಿನ ಬೆನ್ನಿಗೇ ಒಬ್ಬ ಸಣ್ಣ ಹುಡುಗ ಹೋಗುತ್ತಿದ್ದ. ಕೈಯಲ್ಲಿ ಖಾಲಿ ಗಾಜಿನ ಬಾಟಲಿ, ಒಂದು ಕಡ್ಡಿ. ಡ್ರಮ್ಮಿನವನ ಕೈ ನೋಡಿಕೊಂಡು ಬಾಟಲಿಗೆ ಟಣ್ ಟಣ್ ಅಂತ ಹೊಡೆಯುತ್ತಿದ್ದ. ತಾಳ ತಪ್ಪಿದಾಗ ಡ್ರಮ್ಮಿನವನು ತಿರುಗಿ ಹುಬ್ಬು ಏರಿಸುತ್ತಿದ್ದ. ಹುಡುಗ ಮತ್ತೆ ಹಿಡಿದುಕೊಳ್ಳುತ್ತಿದ್ದ.

ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. ಈ ಮೆರವಣಿಗೆ ಹುಟ್ಟಿದ್ದು ಹೆಣದ ಮೆರವಣಿಗೆಯಿಂದ ಅಂತ ಹೇಳಿದವಳು ಅವಳೇ. ಗುಲಾಮಗಿರಿ ಹೋದ ಮೇಲೆ ಕರಿಯರು ತಮ್ಮ ತಮ್ಮಲ್ಲೇ ಸಂಘ ಕಟ್ಟಿಕೊಂಡರು. ಚೂರುಪಾರು ಚಂದಾ ಕೊಟ್ಟರೆ ಕಾಯಿಲೆಗೆ ನೆರವು, ಸತ್ತರೆ ಬ್ಯಾಂಡ್ ಸಮೇತ ಮಣ್ಣು. ಸ್ಮಶಾನಕ್ಕೆ ಹೋಗುವಾಗ ಹೆಜ್ಜೆ ಎಳೆಯುವಂಥ ಶೋಕದ ರಾಗ. ಮಣ್ಣು ಮಾಡಿ ಬರುವಾಗ ಕುಣಿಯುವ ರಾಗ.

"ನಮ್ಮಲ್ಲೂ ಹೀಗೇ" ಅಂದೆ ನಾನು. ಹೆಮ್ಮೆಯಿಂದಲೇ ಅಂದೆ.

ಯಾಕಂದ್ರೆ ಆಗ ನನ್ನ ಕಣ್ಣ ಮುಂದೆ ಇದ್ದದ್ದು ಮುತ್ಯಾ ಹೋದ ದಿನ. ಜೇವರ್ಗಿ ಕಡೆ ನಮ್ಮ ಹಳ್ಳಿ. ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಮುತ್ಯಾನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ರಾತ್ರಿಯಿಡೀ ಭಜನೆ. ಏಕತಾರಿ, ದಮ್ಮಡಿ, ತಾಳ. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡು ಹಾಡಿದರು. ಬೆಳಿಗ್ಗೆ ಹಲಗಿಯವರು ಬಂದರು. ಅಂಗಳದಾಚೆ ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ಹಲಗಿಯನ್ನು ಬೆಂಕಿಗೆ ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಮೊದಲು ದಪ್ ದಪ್ ಅನ್ನುತ್ತಿದ್ದ ಚರ್ಮ ಕಾದಂತೆಲ್ಲ ಬಿಗಿಯಾಗಿ ಠಣ್ ಅನ್ನತೊಡಗಿತು. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಓಡಿದವು. ಮುತ್ಯಾನನ್ನು ಕೂರಿಸಿದ ವಿಮಾನ ಎತ್ತಿದರು. ಚುರುಮುರಿ, ಚಿಲ್ಲರೆ ಕಾಸು ತೂರಿದರು. ಹಲಗಿಯವರು ಎಲ್ಲರಿಗಿಂತ ಮುಂದೆ, ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಮುತ್ಯಾನ ಮುಖ ನೋಡುತ್ತಲೇ ಬಾರಿಸಿದರು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅವಳ ಮುಖ ಅರಳಿತು. "ಮುಗಿದ ಮೇಲೆ ಬಾರಿಸಿದವರಿಗೆ ಊಟಕ್ಕೇನು ಮಾಡ್ತೀರಿ? ನಾವು ಕೆಂಪು ಬೀನ್ಸ್, ಅನ್ನ. ಮನೆಯವರು, ಬ್ಯಾಂಡಿನವರು ಎಲ್ಲ ಒಟ್ಟಿಗೆ."

"ರೊಟ್ಟಿ, ಪಲ್ಯ" ಅಂದೆ. ಸುಳ್ಳಲ್ಲ.

"ನೆಲದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ತಿಂತೀರಲ್ವಾ? ಟೀವಿಯಲ್ಲಿ ನೋಡಿದೀನಿ. ಎಷ್ಟು ಚೆಂದ!"

ಅಷ್ಟರಲ್ಲಿ ಇನ್ನೊಂದು ಬ್ಯಾಂಡ್ ಬಂತು. ಪುಣ್ಯಕ್ಕೆ ಮಾತು ಅಲ್ಲಿಗೇ ನಿಂತಿತು.

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಂದು ಬೀಗರ ಮನೆಯಿಂದ ಬುತ್ತಿ ಬಂದಿತ್ತು. ನಾವೆಲ್ಲ ಪಡಸಾಲೆಯಲ್ಲಿ ಉಂಡೆವು. ಹಲಗಿಯವರು ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದರು. ಅವರಿಗೆ ರೊಟ್ಟಿ ಒಯ್ದವಳು ನಾನೇ. "ಮುಟ್ಟಬ್ಯಾಡ, ಮ್ಯಾಲಿಂದ ಹಾಕು" ಅಂತ ಆಯಿ ಒಳಗಿನಿಂದಲೇ ಕೂಗಿದ್ದಳು. ಅವರಲ್ಲಿ ಹಿರಿಯನಾಗಿದ್ದವನು ಟವೆಲ್ ಹಾಸಿ ಹಿಡಿದ. ಬಾರಿಸಿ ಬಾರಿಸಿ ಅವನ ಎಡಗೈ ಹೆಬ್ಬೆರಳ ಸಂದಿ ಸೀಳಿತ್ತು.

ಹಿಂದಿನ ರಾತ್ರಿ ಹಾಡಿದ ಪದಗಳೆಲ್ಲ ಜಾತಿ ಸುಳ್ಳು ಅಂತ ಸಾರುವವು. ಮಡಿವಾಳಪ್ಪನ ಶಿಷ್ಯರಲ್ಲಿ ಚನ್ನೂರ ಜಲಾಲ ಸಾಹೇಬನೂ ಇದ್ದ, ಬೇರೆ ಬೇರೆ ಜಾತಿಯವರೂ ಇದ್ದರು. ಇನ್ನು ಕಲಬುರಗಿ ಅಂದ್ರೆ ದಾಸೋಹ. ಬಂದವರಿಗೆಲ್ಲ ಅನ್ನ ಹಾಕಿದ ಶರಣಬಸವೇಶ್ವರರ ಊರು ಅಂತ ಎಲ್ಲಿ ಹೋದರೂ ಹೇಳಿಕೊಳ್ಳುತ್ತೇವೆ. ಗುಡಿಯ ದಾಸೋಹ ಹಳ್ಳಿಯ ಬೇವಿನ ಗಿಡದ ತನಕ ಬರಲು ಯಾಕೆ ಇಷ್ಟು ತಡ ಮಾಡಿತು?

ಅಮೆರಿಕವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಗುಲಾಮರನ್ನು ಹರಾಜು ಹಾಕುತ್ತಿದ್ದರು. ಅವರು ಭಾನುವಾರ ಸೇರಿ ಕುಣಿಯಲು ಕಾಂಗೋ ಸ್ಕ್ವೇರ್ ಅನ್ನೋ ಒಂದೇ ಬಯಲು ಅಂತ 1817ರಲ್ಲಿ ಆಡಳಿತ ಗೊತ್ತು ಮಾಡಿತ್ತು. ಅದೇ ಊರಲ್ಲಿ 1901ರಲ್ಲಿ ಹುಟ್ಟಿದ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಚಿಕ್ಕವನಿದ್ದಾಗ ಮನೆಮನೆಗೆ ಕಲ್ಲಿದ್ದಲು ಹಾಕುತ್ತಿದ್ದ. ಜಗತ್ತೇ ಮೆಚ್ಚಿದ ಮೇಲೂ, ಬಿಳಿಯರು ಕರಿಯರು ಸೇರಿ ನುಡಿಸಬಾರದು ಅನ್ನೋ ಕಾನೂನಿಗೆ ಸಿಟ್ಟಾಗಿ ವರ್ಷಗಟ್ಟಲೆ ತನ್ನೂರಲ್ಲಿ ನುಡಿಸಲೇ ಇಲ್ಲ. 1965ರಲ್ಲಿ ಮತ್ತೆ ನುಡಿಸಿದ. ಈಗ ಆ ಊರಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು. ಪತ್ರದ ಕೊನೆಯಲ್ಲಿ 'ಕೆಂಪು ಬೀನ್ಸ್ ಅನ್ನದೊಂದಿಗೆ ನಿಮ್ಮವನು' ಅಂತ ಸಹಿ ಹಾಕುತ್ತಿದ್ದ ಮನುಷ್ಯ. ಕಲಬುರಗಿಗೂ 2019ರಲ್ಲಿ ವಿಮಾನ ನಿಲ್ದಾಣ ಬಂದಿದೆ. ಹೆಸರುಗಳ ಪಟ್ಟಿ ಮಾಡಲು ಕೂತರೆ ಹಲಗಿ ಬಾರಿಸಿದವನೊಬ್ಬನ ಹೆಸರು ನಮಗೆ ಹೊಳೆಯುತ್ತಾ?

ಹೋಟೆಲಿಗೆ ಬಂದು ತಮ್ಮನಿಗೆ ವೀಡಿಯೊ ಕಳಿಸಿದೆ. ಬಾಟಲಿ ಬಾರಿಸುವ ಹುಡುಗನದು. ತಕ್ಷಣ ಫೋನ್ ಮಾಡಿದ. "ಅಕ್ಕಾ, ಇದು ನಮ್ಮ ಹಲಗಿ ಇದ್ದಂಗೇ ಅದ." ನಮ್ಮೂರಲ್ಲಿ ಈಗ ಯಾರು ಬಾರಿಸ್ತಾರೆ ಅಂತ ಕೇಳಿದೆ. ಯಾರೂ ಇಲ್ಲವಂತೆ. ಯಾರಾದರೂ ಹೋದರೆ ಟೆಂಪೊದಲ್ಲಿ ಸ್ಪೀಕರ್ ಇಟ್ಟು ಪೆನ್‌ಡ್ರೈವ್‌ನಿಂದ ಭಜನೆ ಹಾಕುತ್ತಾರಂತೆ. ಒಮ್ಮೆ ನಡುವೆ ಸಿನಿಮಾ ಹಾಡು ಬಂದು ದೊಡ್ಡ ಜಗಳವೇ ಆಯಿತಂತೆ.

ಅಂದು ಟವೆಲ್ ಹಾಸಿದವನ ಮಗ ಕಲಬುರಗಿಯಲ್ಲಿ ಆಟೋ ಓಡಿಸುತ್ತಾನೆ. ಮೊಮ್ಮಗಳು ಡಿಗ್ರಿ ಓದುತ್ತಿದ್ದಾಳೆ. ಅಂಬೇಡ್ಕರ್ ಜಯಂತಿಗೆ ಮನೆಮಂದಿಯೆಲ್ಲ ಬುದ್ಧ ವಿಹಾರಕ್ಕೆ ಹೋಗುತ್ತಾರೆ. ಹಲಗಿ ಬಾರಿಸಲ್ಲ ಅಂತ ಊರವರ ಮುಂದೆ ಹೇಳಿಯೇ ಬಿಟ್ಟವರು ಅವರು. ಅದನ್ನು ಕೇಳಿ ನನಗೆ ಬೇಜಾರೂ ಆಯಿತು, ಸಮಾಧಾನವೂ ಆಯಿತು. ಟ್ರೆಮೇಯ ಹುಡುಗ ಖುಷಿಯಿಂದ ಕಡ್ಡಿ ಎತ್ತಿಕೊಳ್ಳುತ್ತಾನೆ. ಅವನು ಬಾರಿಸಲೇಬೇಕು ಅಂತ ಯಾರೂ ಹೇಳಿಲ್ಲ, ಬಾರಿಸಿದ ಮೇಲೆ ಊಟಕ್ಕೆ ಹೊರಗೆ ಕೂರು ಅಂತಲೂ ಹೇಳುವುದಿಲ್ಲ. ಇವರಿಗೆ ಎರಡನ್ನೂ ಹೇಳಿದವರು ನಾವು. ಕಲೆ ಉಳೀಬೇಕು ಅಂತ ಇಷ್ಟು ದೂರ ಕೂತು ನಾನು ಯಾವ ಬಾಯಲ್ಲಿ ಹೇಳಲಿ?

"ಮುತ್ಯಾನ ಪುಣ್ಯತಿಥಿಗೆ ಬಂದಾಗ ಅವರ ಮನೆಯವರನ್ನೆಲ್ಲ ಊಟಕ್ಕ ಕರೆಯೋಣ, ಪಡಸಾಲ್ಯಾಗ ಕೂಡಿಸೋಣ" ಅಂದೆ.

ತಮ್ಮ ನಕ್ಕ. "ಕರದ್ರ ಅವ್ರು ಯಾಕ ಬರ್ಬೇಕು? ಮೊದಲ ನೀ ಬಂದು ಅವ್ರ ಮನ್ಯಾಗ ಉಣ್ಣು. ನಾ ಹೋದ ಯುಗಾದಿಗೇ ಉಂಡ್ ಬಂದೀನಿ. ಅವ್ವಗ ಹೇಳಿಲ್ಲ ಅಷ್ಟೆ."