ಯಜ್ದಾನಿಯವರ ಉಲ್ಲೇಖಗಳ ಬೆನ್ನುಹತ್ತಿ: ಮೂರನೆಯ ತಿಂಗಳ ಟಿಪ್ಪಣಿ

ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನು ಆಮೇಲಿನವರು ಎಲ್ಲೆಲ್ಲಿ, ಯಾವ ಕಾರಣಕ್ಕೆ ಬಳಸಿಕೊಂಡಿದ್ದಾರೆ ಎಂದು ಪಟ್ಟಿ ಮಾಡುವುದು ನಾನು ಬಿಡುವಿನ ವೇಳೆಯಲ್ಲಿ ಹಚ್ಚಿಕೊಂಡ ಕೆಲಸ. ಈ ತಿಂಗಳು ಹೊಸದಾಗಿ ಸೇರಿಸಿದ್ದಕ್ಕಿಂತ ಹಳೆಯದನ್ನು ತಿದ್ದಿದ್ದೇ ಹೆಚ್ಚು.

ಮೊದಲ ತಿದ್ದುಪಡಿ ಹೆಸರಿನದು. ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಬರಿಯ ‘ಯಜ್ದಾನಿ’ ಎಂದು ಹುಡುಕಿದರೆ ಇರಾನಿನ ವೈದ್ಯರೂ ಎಂಜಿನಿಯರರೂ ಸಾಲುಗಟ್ಟಿ ಬರುತ್ತಾರೆ. ಅದಕ್ಕಿಂತ ತೊಡಕಿನದು ವರ್ಷ. 1962ರಲ್ಲಿ ತೀರಿಕೊಂಡ ಯಜ್ದಾನಿಯವರು 1995ರಲ್ಲಿ ಪುಸ್ತಕ ಬರೆದಂತೆ ನಮೂದಾಗಿದ್ದರೆ ಅದು ಆ ವರ್ಷದ ಮರುಮುದ್ರಣ ಎಂದು ಗುರುತಿಸಿ 1947ರ ಲೆಕ್ಕಕ್ಕೆ ಸೇರಿಸಬೇಕು. ಬೀದರಿನ ಪ್ರಾಚೀನಾವಶೇಷಗಳ ಮೇಲೆ ಅವರೇ 1917ರಲ್ಲಿ ತಂದ ಚಿಕ್ಕ ಪುಸ್ತಕವನ್ನು ಮಾತ್ರ ಬೇರೆಯಾಗಿಯೇ ಇಡಬೇಕು. ಕನ್ನಡ ಬರಹಗಳಲ್ಲಿ ಯಜ್ದಾನಿ, ಯಾಜದಾನಿ, ಯಜದಾನಿ ಎಂಬ ಮೂರು ರೂಪಗಳನ್ನೂ ಹುಡುಕುತ್ತಿದ್ದೇನೆ.

ಎರಡನೆಯದು ಸಂಖ್ಯೆಯ ಮೋಹ. ಯೂಜೀನ್ ಗಾರ್ಫೀಲ್ಡ್ ಅವರು 1964ರಲ್ಲಿ ಹೊರತಂದ ವಿಜ್ಞಾನ ಉಲ್ಲೇಖ ಸೂಚಿಯಿಂದ ಒಂದು ಲೇಖನವನ್ನು ಮುಂದೆ ಯಾರು ಉಲ್ಲೇಖಿಸಿದರು ಎಂದು ತಿಳಿಯುವುದು ಸುಲಭವಾಯಿತು. ಒಬ್ಬರ ಎಷ್ಟು ಕೃತಿಗಳು ತಲಾ ಕನಿಷ್ಠ ಅಷ್ಟೇ ಸಲ ಉಲ್ಲೇಖಗೊಂಡಿವೆ (ಹತ್ತು ಕೃತಿಗಳು ತಲಾ ಹತ್ತು ಸಲವಾದರೆ ಹತ್ತು) ಎಂದು ಎಣಿಸುವ ಎಚ್-ಸೂಚ್ಯಂಕವನ್ನು 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಸೂಚಿಸಿದರು. ಇವೆರಡೂ ನಿಯತಕಾಲಿಕೆಗಳಲ್ಲಿ ಬರೆಯುವ ವಿಜ್ಞಾನಿಗಳಿಗೆ ಹೊಂದುತ್ತವೆ. ದೊಡ್ಡ ಗ್ರಂಥಗಳನ್ನು ಬರೆದ, ಅಡಿಟಿಪ್ಪಣಿಗಳಲ್ಲಿಯೇ ಹೆಚ್ಚಾಗಿ ಸಿಗುವ ಇಂಥ ಪುರಾತತ್ತ್ವಜ್ಞರಿಗೆ ಆ ಅಂಕಿಯನ್ನು ಕಟ್ಟುವುದು ಜೋಳವನ್ನು ಗಜಕಡ್ಡಿಯಿಂದ ಅಳೆದಂತೆ. ಆದ್ದರಿಂದ ಎಣಿಕೆಯ ಕಾಲಮ್ಮನ್ನು ತೆಗೆದು, ಉಲ್ಲೇಖ ಏತಕ್ಕೆ ಬಂದಿದೆ ಎಂಬ ಕಾಲಮ್ಮನ್ನು ಹಾಕಿದೆ: ಶಾಸನಪಾಠಕ್ಕೋ, ಕಟ್ಟಡದ ನಕ್ಷೆಗೋ, ಕಾಲನಿರ್ಣಯಕ್ಕೋ, ಅಥವಾ ಒಪ್ಪದೆ ವಾದಿಸುವುದಕ್ಕೋ. ಬಹಮನಿಗಳ ಮೇಲೆ ಇತಿಹಾಸಕಾರ ಶೇರ್ವಾನಿಯವರು 1953ರಲ್ಲಿ ಪ್ರಕಟಿಸಿದ ಗ್ರಂಥವನ್ನೂ, ದಖ್ಖನ್ ಸುಲ್ತಾನರ ವಾಸ್ತು ಮತ್ತು ಕಲೆಯ ಮೇಲೆ ಮಿಷೆಲ್ ಮತ್ತು ಜೆಬ್ರೋವ್ಸ್ಕಿ 1999ರಲ್ಲಿ ತಂದದ್ದನ್ನೂ ಈಗ ಮೊದಲ ಪುಟದಿಂದ ಮತ್ತೆ ಓದಬೇಕಾಗಿದೆ, ಏಕೆಂದರೆ ಹಿಂದಿನ ಸಲ ಗ್ರಂಥಸೂಚಿಯನ್ನಷ್ಟೇ ನೋಡಿ ಗುರುತು ಹಾಕಿದ್ದೆ.

ಹೆಸರೇ ಇಲ್ಲದ ಬಳಕೆಯನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಬೀದರ್ ಕೋಟೆಯೊಳಗಿನ ಸೋಲಾ ಕಂಬ ಮಸೀದಿಯ ಕಾಲ 1423–24 ಎಂದು ಆಕರವಿಲ್ಲದೆ ಬರೆದಿದ್ದರೆ ಅದನ್ನು ಯಜ್ದಾನಿಯವರ ಪ್ರಭಾವವೆನ್ನಲು ನಾನು ಒಪ್ಪುವುದಿಲ್ಲ. ಹಿಜರಿ 827 ಎಂಬುದು ಶಾಸನದಲ್ಲಿಯೇ ಇದೆ, ಓದಬಲ್ಲವರು ನೇರವಾಗಿಯೇ ಪಡೆಯಬಹುದು. ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ 205 ಅಡಿ ಉದ್ದ, 180 ಅಡಿ ಅಗಲ ಎಂಬ ಅಳತೆ ಮಾತ್ರ ಬೇರೆ ಬಗೆಯದು. ಟೇಪು ಹಿಡಿದು ಅಳೆಯದವರೂ ಅದನ್ನೇ ಬರೆಯುತ್ತಾರೆ, ಹಾಗಾಗಿ ಅಂಕಿ ಒಬ್ಬರಿಂದ ಒಬ್ಬರಿಗೆ ದಾಟಿರಲೇಬೇಕು. ಎಲ್ಲಿಂದ ದಾಟಿತೆಂದು ಹೇಳುವ ಮೊದಲು ಪುರಾತತ್ತ್ವಜ್ಞ ಬರ್ಜೆಸ್ ಅವರ 1878ರ ಬೀದರ್–ಔರಂಗಾಬಾದ್ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು, ಇಲ್ಲವಾದರೆ ಹಿಂದಿನವರ ಕೆಲಸವನ್ನು ಯಜ್ದಾನಿಯವರ ಖಾತೆಗೆ ಬರೆದ ತಪ್ಪು ನನ್ನದಾಗುತ್ತದೆ.

ಮದರಸಾದ ಅಳತೆ ಬರುವ ಸಾಲುಗಳನ್ನೆಲ್ಲ ಒಂದೇ ಹಾಳೆಯಲ್ಲಿ ವರ್ಷದ ಕ್ರಮಕ್ಕೆ ಇಳಿಸಿಕೊಂಡಿದ್ದೇನೆ. 1878 ಮತ್ತು 1917ರ ಎದುರಿನ ಮನೆಗಳು ಖಾಲಿಯಿವೆ. ಮುಂದಿನ ತಿಂಗಳು ಮೊದಲು ಅವನ್ನು ತುಂಬುತ್ತೇನೆ.